ಗಾಜಿನ ಮೇಲೆ ಉಸಿರು

ಎದುರಿಗೆ ಕೂತವನು ಮೂಗಿಗೆ ಕರ್ಚೀಫು ಹಿಡಿದದ್ದು ತನ್ನ ಕಾರಣಕ್ಕೇ ಎಂಬುದರಲ್ಲಿ ಸತ್ಯಮೂರ್ತಿಗೆ ಅನುಮಾನ ಉಳಿಯಲಿಲ್ಲ. ಅಂಧೇರಿಯಲ್ಲಿ ಮೆಟ್ರೋ ಹತ್ತಿದಾಗ ಆ ಮನುಷ್ಯ ಮೊಬೈಲು ನೋಡುತ್ತ ತನ್ನ ಪಾಡಿಗೆ ತಾನು ಕೂತಿದ್ದ. ಸಾಕಿನಾಕಾ ದಾಟುತ್ತಿದ್ದಂತೆ ಕರ್ಚೀಫು ಹೊರಗೆ ಬಂತು. ಅಸಲ್ಫಾದಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಇಷ್ಟು ಗದ್ದಲದಲ್ಲಿ ಕೂರಲು ಸಿಕ್ಕ ಸೀಟನ್ನು ಮುಂಬಯಿಯವನೊಬ್ಬ ಸುಮ್ಮಸುಮ್ಮನೆ ಬಿಡುತ್ತಾನೆಯೆ? ಸತ್ಯಮೂರ್ತಿ ತೋಳೆತ್ತಿ ಅಂಗಿಯನ್ನು ಮೂಸಿಕೊಂಡ. ಇಸ್ತ್ರಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನಾಲಗೆ ತಾನಾಗಿಯೇ ಎಡದವಡೆಯ ಕೊನೆಯ ಹಲ್ಲಿನ ಕಡೆ ಹೋಯಿತು. ಅಲ್ಲಿ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯ ಚೂರು ಬೆಚ್ಚಗೆ ಕೂತಿತ್ತು. ಮೂರು ತಿಂಗಳಿಂದ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ವಿಲೆ ಪಾರ್ಲೆಯಲ್ಲಿ ಅವರ ಬಿಲ್ಡಿಂಗಿನ ಕೆಳಗೇ ಹಲ್ಲಿನ ಡಾಕ್ಟರಿದ್ದ. ಆದರೆ ಒಂದು ಹಲ್ಲಿಗೆಂದು ಹೋದವರ ನಾಲ್ಕು ಹಲ್ಲು ಕೊರೆಯುವವನು ಎಂಬುದು ಸತ್ಯಮೂರ್ತಿಯ ಅಂಬೋಣ. ಹೆಂಡತಿ ಶಾಮಲಾ ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರುಮಾಡಿಯೂ ಮೂರು ತಿಂಗಳಾಗಿತ್ತು. ಯಾಕೆಂದು ಕೇಳಿದರೆ "ಸೆಖೆ" ಅನ್ನುತ್ತಾಳೆ. ಗೋಡೆಯ ಕಡೆ ಸೆಖೆ ಕಡಿಮೆಯೆ? ಅವಳು ಸ್ನಾನಕ್ಕೆ ಹೋದಾಗ ಎರಡು ಸಲ ಅವಳ ಫೋನು ತೆಗೆದು ನೋಡಿದ್ದ. ಮೈಸೂರಿನ ತಂಗಿಯ ಜೊತೆ ಸಾರಿನಪುಡಿಯ ಮಾತು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಏನೂ ಸಿಗದಿದ್ದದ್ದೇ ಅವನನ್ನು ಇನ್ನಷ್ಟು ಕಾಡಿತ್ತು. ತಾನು ಕಳ್ಳ ಪರರ ನಂಬ ಅನ್ನುತ್ತಾರೆ. ಸತ್ಯಮೂರ್ತಿ ಕಳ್ಳನಲ್ಲ, ಆದರೂ ಪರರನ್ನು ನಂಬಿದವನಲ್ಲ.

ಘಾಟ್ಕೋಪರಿನಲ್ಲಿ ಇಳಿದು ವಿಕ್ರೋಳಿಯ ಲೋಕಲ್ ಹಿಡಿಯುವಾಗ ಬ್ಯಾಗನ್ನು ಎದೆಗೆ ಅವುಚಿಕೊಂಡ. ಒಳಗೆ ಒಂದೇ ಒಂದು ಹಾಳೆ ಇತ್ತು. ಸಂಜೆ ನಾಲ್ಕಕ್ಕೆ ಅದರ ಮೇಲೆ ಅವನು ಸಹಿ ಹಾಕಿದರೆ ಸುಂದ್ರವ್ವನ ಕೆಲಸ ಹೋಗುತ್ತಿತ್ತು. "ದೋಷದ ಮೂಲ: ಅಂತಿಮ ಸ್ವಚ್ಛತೆ ಮಾಡುವ ಆಪರೇಟರ್. ಕೈಗೊಂಡ ಕ್ರಮ: ಆಪರೇಟರನ್ನು ತೆಗೆಯಲಾಗಿದೆ." ಇಂಗ್ಲಿಷಿನಲ್ಲಿ ಅದು ಇನ್ನೂ ತಣ್ಣಗೆ ಕಾಣುತ್ತಿತ್ತು. ಮ್ಯಾನೇಜರ್ ವಿಕ್ರಂ ನಿನ್ನೆ ಟೈಪ್ ಮಾಡಿಸಿ ಕೊಟ್ಟಿದ್ದ. ಆದರೆ ಅದರಲ್ಲಿದ್ದ ಮಾತು ಸತ್ಯಮೂರ್ತಿಯದೇ. ಇಪ್ಪತ್ತಾರು ವರ್ಷಗಳಿಂದ ಅವನು ಗಾಜಿಗೆ ಲೇಪ ಕೊಡಿಸುವ ಕೆಲಸದಲ್ಲಿದ್ದ. ಪ್ರೊಜೆಕ್ಟರಿನ ಹೊಟ್ಟೆಯೊಳಗೆ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಬೇರೆ ಮಾಡುವ ಹೆಬ್ಬೆರಳಗಲದ ಗಾಜಿನ ಚೂರುಗಳು. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಚೇಂಬರಿನೊಳಗೆ ಆ ಗಾಜುಗಳನ್ನು ತಟ್ಟೆಗೆ ಸಿಕ್ಕಿಸಿ ತೂಗುಹಾಕುತ್ತಾರೆ. ಕೆಳಗೆ ಮೂಸೆಯಲ್ಲಿ ಕಾದ ಪುಡಿ ಆವಿಯಾಗಿ ಮೇಲೆದ್ದು ಗಾಜಿನ ಮೇಲೆ ಪದರ ಪದರವಾಗಿ ಕೂರುತ್ತದೆ. ನಲವತ್ತು ಪದರ ಸೇರಿದರೂ ಒಂದು ತಲೆಗೂದಲಿನ ದಪ್ಪ ಬರುವುದಿಲ್ಲ. ಪ್ರೊಜೆಕ್ಟರಿನ ದೀಪದ ಕಾವು, ಮುಂಬಯಿಯ ತೇವ, ಎಲ್ಲವನ್ನೂ ತಡೆದು ಹತ್ತು ವರ್ಷ ಬಾಳಬೇಕಾದದ್ದು ಅದು. ಈಗ ಮೂರು ತಿಂಗಳಿಂದ ಹೋದ ಮಾಲೆಲ್ಲ ಹಿಂದಕ್ಕೆ ಬರುತ್ತಿತ್ತು. ಲೇಪ ಆರಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದುಬರುತ್ತಿತ್ತು.

ಆದರೆ ಅವನ ಗಾಜು ಮಾತ್ರ ಒಂದು ಸಲವೂ ಎದ್ದಿರಲಿಲ್ಲ. ಪ್ರತಿ ತಟ್ಟೆಯಲ್ಲೂ ಮಾಲಿನ ನಡುವೆ ಒಂದು ಪರೀಕ್ಷೆಯ ಗಾಜು ಇಡುತ್ತಾರೆ. ಮಾಲನ್ನು ಗೀರಿ ನೋಡುವಂತಿಲ್ಲವಾದ್ದರಿಂದ ಪರೀಕ್ಷೆಯೆಲ್ಲ ಇದಕ್ಕೇ. ಟೇಪು ಅಂಟಿಸಿ ಸರ್ರನೆ ಕೀಳುವುದು, ರಬ್ಬರಿನಿಂದ ಉಜ್ಜುವುದು, ಬಿಸಿ ಹಬೆಯ ಪೆಟ್ಟಿಗೆಯಲ್ಲಿ ಒಂದು ದಿನ ಬೇಯಿಸುವುದು. ಆ ಒಂದು ಗಾಜನ್ನು ಸತ್ಯಮೂರ್ತಿ ಬೇರೆಯವರ ಕೈಗೆ ಕೊಟ್ಟವನಲ್ಲ. ತಾನೇ ತೊಳೆದು, ತಾನೇ ಒರೆಸಿ, ಕೊನೆಗೆ ತಾನೇ ಸಿಕ್ಕಿಸುತ್ತಿದ್ದ. ಅದೇ ತಟ್ಟೆ, ಅದೇ ಚೇಂಬರು, ಅದೇ ಆವಿ. ತನ್ನದು ನಿಲ್ಲುತ್ತದೆ, ಅವಳದು ಏಳುತ್ತದೆ. ಇನ್ನೇನು ಬೇಕು? ಹಳಬ ಶೆಟ್ಟೆಪ್ಪ ರಿಟೈರಾಗಿ ಸುಂದ್ರವ್ವ ಆ ಟೇಬಲ್ಲಿಗೆ ಬಂದು ಸರಿಯಾಗಿ ಮೂರು ತಿಂಗಳು. ಬಾಗಲಕೋಟೆ ಕಡೆಯ ಹೆಂಗಸು, ಗಂಡ ಕಟ್ಟಡದ ಕೆಲಸಕ್ಕೆಂದು ಕರೆತಂದು ಅಲ್ಲೇ ಬಿದ್ದು ಸತ್ತವನು. ಮೊದಲು ಕಾರಿಡಾರು ಗುಡಿಸುತ್ತಿದ್ದಳು. ಕೈ ಹಗುರ ಎಂದು ಈ ಕೆಲಸಕ್ಕೆ ಹಾಕಿದವನು ವಿಕ್ರಂ. ಕೈ ಹಗುರ ಅಂದರೆ ಏನು? ಸತ್ಯಮೂರ್ತಿಗೆ ಆ ಮಾತೇ ಸರಿಬಿದ್ದಿರಲಿಲ್ಲ. ಶೆಟ್ಟೆಪ್ಪನ ಕಾಲದಲ್ಲಿ ಆಗಾಗ ಊದುತ್ತಿದ್ದವನು, ಅಂದಿನಿಂದ ಅವಳು ಸಿಕ್ಕಿಸಿಟ್ಟ ಪ್ರತಿ ತಟ್ಟೆಯ ಬಳಿ ಹೋಗಿ ಮಾಸ್ಕ್ ಕೆಳಗೆಳೆದು ಒಂದೊಂದು ಗಾಜಿನ ಮೇಲೂ ಹಾ ಎಂದು ಊದಿ ನೋಡುತ್ತಿದ್ದ. ಹಳೆಯ ಕಾಲದ ಗಾಜಿನವರ ಉಪಾಯ ಅದು. ಶುದ್ಧ ಗಾಜಿನ ಮೇಲೆ ಉಸಿರಿನ ಮಂಜು ಸಮನಾಗಿ ಕೂತು ಸಮನಾಗಿ ಆರುತ್ತದೆ. ಜಿಡ್ಡಿದ್ದರೆ ಅಲ್ಲಿ ತೇಪೆ ಬೀಳುತ್ತದೆ. ಮಾಸ್ಕ್ ತೆಗೆಯಕೂಡದೆಂದು ಗೋಡೆಯ ಮೇಲೆ ನಾಲ್ಕನೇ ನಿಯಮ ಬರೆಸಿದವನು ಅವನೇ. ನಿಯಮ ಇರುವುದು ಕೆಲಸದವರಿಗೆ. ಅವಳು ತಟ್ಟೆಯ ಆಚೆ ಕೈಕಟ್ಟಿ, ಕಣ್ಣು ಅರ್ಧ ಮುಚ್ಚಿ ನಿಂತಿರುತ್ತಿದ್ದಳು. ಒಮ್ಮೆಯೂ ತೇಪೆ ಸಿಕ್ಕಿರಲಿಲ್ಲ. ಸಿಗದ ಹಾಗೆ ಏನು ಮಾಡುತ್ತಾಳೆ ಎಂದು ಯೋಚಿಸುತ್ತ ಅವನು ಎಷ್ಟೋ ಸಲ ಮಧ್ಯಾಹ್ನದ ಊಟ ಬಿಟ್ಟಿದ್ದ.

ಆಮೇಲೆ ಆ ಬಾಟಲಿ. ಹದಿನೈದು ದಿನದ ಹಿಂದೆ ಕಣ್ಣಿಗೆ ಬಿದ್ದದ್ದು. ತಟ್ಟೆಯ ಪಕ್ಕದಲ್ಲೇ, ಟೇಬಲ್ಲಿನ ಮೂಲೆಯಲ್ಲಿ, ಮುಚ್ಚಳ ತೆರೆದಿಟ್ಟ ಒಂದು ಪ್ಲಾಸ್ಟಿಕ್ ಬಾಟಲಿ. ಅವನು ಊದಿ ಮುಗಿಸುವವರೆಗೂ ಅದರ ಬಾಯಿ ತೆರೆದಿರುತ್ತಿತ್ತು; ಅವನು ತಿರುಗಿದ ತಕ್ಷಣ ಅವಳು ಮುಚ್ಚಳ ಬಿಗಿದು ಗೌನಿನೊಳಗೆ ಸೇರಿಸುತ್ತಿದ್ದಳು. ನೀರಾದರೆ ಬಚ್ಚಿಡುವುದೇಕೆ? ಬಾಗಿಲ ಗಾಜಿನ ಆಚೆಯಿಂದ ಫೋಟೋ ತೆಗೆದುಕೊಂಡ. ಅವಳು ಊಟಕ್ಕೆ ಹೋದಾಗ ಬಾಟಲಿ ಹುಡುಕಿ ತೆಗೆದು ಮೂಸಿದ, ಬೆರಳಿಗೆ ಹಚ್ಚಿಕೊಂಡು ಉಜ್ಜಿದ. ನೀರಿನ ಹಾಗೇ ಇತ್ತು. ಬೇರೆ ಕಂಪನಿಯವರು ಕೊಟ್ಟು ಕಳಿಸಿರಬಹುದೆ? ವಿಕ್ರಂಗೆ ಗೊತ್ತಿದ್ದೇ ನಡೆಯುತ್ತಿರಬಹುದೆ, ಮಾಲು ಕೆಟ್ಟರೆ ಮುದುಕನನ್ನು ಮನೆಗೆ ಕಳಿಸಬಹುದೆಂದು? ಆದರೆ ಹಾಗಿದ್ದರೆ ವಿಕ್ರಂ ಅವಳ ಹೆಸರು ಬರೆದ ಹಾಳೆ ಯಾಕೆ ಟೈಪ್ ಮಾಡಿಸುತ್ತಾನೆ? ಲೋಕಲ್ ವಿಕ್ರೋಳಿಯಲ್ಲಿ ನಿಂತಾಗಲೂ ಅವನು ಇದನ್ನೇ ತಿರುವಿಹಾಕುತ್ತಿದ್ದ. ಜನ ಹಿಂದಿನಿಂದ ತಳ್ಳಿ ಇಳಿಸಿದರು.

ಕಾರ್ಖಾನೆಗೆ ಬಂದವನು ಗೌನು, ಟೋಪಿ, ಮಾಸ್ಕ್ ಹಾಕಿಕೊಂಡು ಅಭ್ಯಾಸದಂತೆ ಮೊದಲು ಅವಳ ಟೇಬಲ್ಲಿಗೇ ಹೋದ. ಎರಡು ತಟ್ಟೆ ಸಿದ್ಧವಾಗಿದ್ದವು. ಮೊದಲನೆಯದರ ಮೇಲೆ ಮಾಸ್ಕ್ ಇಳಿಸಿ ಊದುತ್ತ ಹೋದ. ಸಮನಾದ ಮಂಜು. ಬಾಟಲಿ ಮೂಲೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಅವಳ ಮುಖ ನೋಡಲಾಗಲಿಲ್ಲ. ಸಂಜೆಗೆ ಕೆಲಸ ಕಳೆದುಕೊಳ್ಳುವವಳು ಬೆಳಿಗ್ಗೆ ಇಷ್ಟು ಶಾಂತವಾಗಿ ನಿಲ್ಲುವುದೇ ಅವನಿಗೆ ಒಂದು ಅವಮಾನದ ಹಾಗೆ ಕಂಡಿತು. ಎರಡನೆಯ ತಟ್ಟೆಗೆ ಊದುವ ಮೊದಲೇ ವಿಕ್ರಂ ಬಾಗಿಲಿನ ಗಾಜು ತಟ್ಟಿ ಕರೆದ. ವಿಕ್ರಂ ಹುಟ್ಟಿದ್ದು ಬೆಳೆದದ್ದು ಚೆಂಬೂರಿನಲ್ಲಿ, ಅಪ್ಪ ಅಮ್ಮ ಬೆಂಗಳೂರಿನವರು. ಅವನ ಕನ್ನಡ ಮೂರು ಭಾಷೆಯ ಊರುಗೋಲು ಹಿಡಿದು ನಡೆಯುತ್ತಿತ್ತು.

"ಸರ್, ಸೈನ್ ಆಯ್ತಾ? ಪ್ರೊಜೆಕ್ಟರ್ ಕಂಪನಿ ಸಾಧನಾ ಮ್ಯಾಡಮ್ ಚಾರ್ ಬಜೇ ಪಕ್ಕಾ ಬರ್ತಾರೆ. ರೀಸನ್ ಕೊಟ್ಟಿಲ್ಲ ಅಂದ್ರೆ ಆರ್ಡರ್ ಗಯಾ."

"ಮಾಡ್ತೀನಿ. ಒಂದ್ಸಲ ಅವಳನ್ನ ಕೇಳಿ ನೋಡ್ತೀನಿ."

"ಕೇಳೋದೇನು ಸರ್? ನೀವೇ ಬೋಲಾ ನಾ, ನಿಮ್ಮ ಗಾಜು ಓಕೆ, ಅವಳದು ನಾಟ್ ಓಕೆ. ಸಿಂಪಲ್." ಮಾತಾಡುತ್ತ ವಿಕ್ರಂ ಒಂದು ಹೆಜ್ಜೆ ಹಿಂದೆ ಸರಿದ. ಮುಂಚೆಯೂ ಹೀಗೇ ಸರಿಯುತ್ತಿದ್ದನೆ ಎಂದು ಸತ್ಯಮೂರ್ತಿ ನೆನಪಿಸಿಕೊಳ್ಳಲು ನೋಡಿದ. ಜನ ಯಾರನ್ನು ಕೈಬಿಡಲು ನಿರ್ಧರಿಸುತ್ತಾರೋ ಅವರಿಂದ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಅನ್ನಿಸಿತು. ಕ್ಯಾಬಿನ್ನಿಗೆ ಹೋಗಿ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತ. ಹಲ್ಲು ಜುಮ್ಮೆನ್ನುತ್ತಿತ್ತು. ಡ್ರಾಯರಿನಿಂದ ಶೀಸೆ ತೆಗೆದು ಹತ್ತಿ ಬದಲಾಯಿಸಿದ. ಸುಂದ್ರವ್ವ ಇಲ್ಲಿಂದ ಹೋದರೆ ಎಲ್ಲಿಗೆ ಹೋಗುತ್ತಾಳೆ? ಮನೆಯಲ್ಲಿ ಸತ್ತ ಮಗಳ ಕೂಸೊಂದಿದೆ ಎಂದು ಯಾರೋ ಹೇಳಿದ್ದರು. ಹೇಳಿದವರು ಯಾಕೆ ತನಗೇ ಹೇಳಿದರು, ಕರುಣೆ ಬರಲಿ ಅಂತಲೋ? ಸಹಿಯ ಜಾಗದಲ್ಲಿ ಪೆನ್ನಿನ ತುದಿ ಊರಿದ. ಚುಕ್ಕೆ ಬಿತ್ತು. ಸತ್ಯಮೂರ್ತಿ ಎಂದು ಬರೆಯಲು ಆ ಚುಕ್ಕೆಯಿಂದ ಮುಂದೆ ಕೈ ಓಡಲಿಲ್ಲ. ಬಾಟಲಿಯಲ್ಲಿ ಏನಿತ್ತು ಎಂದು ತಿಳಿಯದೆ ಸಹಿ ಹಾಕಿದರೆ ಜೀವಮಾನವೆಲ್ಲ ಅದೇ ಕೊರೆಯುತ್ತದೆ ಎಂದು ಎದ್ದುಬಿಟ್ಟ. ಅದು ನ್ಯಾಯದ ಯೋಚನೆಯಲ್ಲ, ಅನುಮಾನದ ಚಟ ಎಂದು ಅವನಿಗೂ ಗೊತ್ತಿತ್ತು. ಊಟದ ಹೊತ್ತು ದಾಟಿ ಗಡಿಯಾರ ಮೂರು ತೋರಿಸುತ್ತಿತ್ತು.

ಸುಂದ್ರವ್ವ ಒಬ್ಬಳೇ ಇದ್ದಳು. ಅವನು ಬಂದದ್ದು ಕಂಡು ಎರಡನೆಯ ತಟ್ಟೆಯನ್ನು ಅವನ ಕಡೆ ಸರಿಸಿ, ಗೌನಿನಿಂದ ಬಾಟಲಿ ತೆಗೆದು, ಅವನ ಕಣ್ಣೆದುರಿಗೇ ಮುಚ್ಚಳ ಬಿಚ್ಚಿ ಇಟ್ಟಳು.

"ಏನದು?" ಸತ್ಯಮೂರ್ತಿಯ ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಬಾಟಲಿ ತರಬಾರದು ಅಂತ ಗೊತ್ತಿಲ್ವಾ? ಅದರಲ್ಲೇನಿದೆ?"

"ನೀರೈತ್ರಿ ಸಾಹೇಬ್ರ."

"ನೀರಾದ್ರೆ ಮುಚ್ಚಳ ಯಾಕೆ ತೆಗೀತೀಯ, ನಾನು ಬಂದಾಗಲೇ?"

ಅವಳು ಮಾಸ್ಕಿನೊಳಗೇ ನಕ್ಕಳು, ಕಣ್ಣು ಸಣ್ಣದಾಯಿತು. "ನಿಮಗ ಗೊತ್ತಿಲ್ದಂಗ ತಗೋತೀನಿ ಅಂತ ತಿಳಕೊಂಡಿದ್ನಿ. ತಪ್ಪಾತ್ರಿ. ನೀವು ಗಾಜಿಗೆ ಮಂತ್ರಿಸಿ ಊದತೀರಲ್ರೀ, ಅದರ ಗಾಳಿ ಈ ನೀರಿಗೂ ಹಾಯ್ಲಿ ಅಂತ ಇಡತೀನ್ರಿ. ಮನ್ಯಾಗ ನನ್ನ ಮಗಳ ಕೂಸು ಅನುರಾಧಾ ಅದಾಳ್ರಿ, ಆರು ವರ್ಸದಾಕಿ. ರಾತ್ರಿ ಆದ್ರ ಜ್ವರ ಬರತಿತ್ತು. ಈ ನೀರ್ ಕುಡಿಸಾಕ ಹತ್ತಿ ಎಂಟು ದಿನಕ್ಕ ಇಳೀತ್ರಿ."

"ಮಂತ್ರ ಅಂತ ನಿನಗ್ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ವಾಸ್ನಿ ಬರತೈತಲ್ರಿ. ನಮ್ಮೂರಾಗ ಸಿದ್ದಲಿಂಗಪ್ಪಜ್ಜಾರು ಇದ್ರು. ಲವಂಗ ಬಾಯಾಗ ಇಟಗೊಂಡ ಮಂತ್ರಿಸಿ ಊದತಿದ್ರು. ಚೇಳು ಕಡದ್ರೂ ಇಳೀತಿತ್ತು. ನೀವು ಊದಾಕ ಬಂದ ಮೊದಲನೇ ದಿನಾನ ನನಗ ತಿಳೀತು, ಇವರು ದೊಡ್ಡಾರದಾರ, ಹೇಳ್ಕೊಳಂಗಿಲ್ಲ ಅಂತ." ಅವಳು ದನಿ ತಗ್ಗಿಸಿದಳು. "ಶೆಟ್ಟೆಪ್ಪಣ್ಣ ಹೇಳಿ ಹೋಗಿದ್ದ, ಸಾಹೇಬ್ರು ನೋಡಿ ಹೋದ ಮ್ಯಾಲೆ ಸ್ಪಿರಿಟ್ ಹಚ್ಚಿ ಇನ್ನೊಮ್ಮಿ ಒರಸು ಅಂತ. ನಾ ಒರಸಂಗಿಲ್ರಿ. ಊದಿದ ಮ್ಯಾಲೆ ಒರಸಿದ್ರ ಮಂತ್ರ ಹೋಗತೈತಿ."

ಹಾಗಾದರೆ ತಪ್ಪು ಇವಳದೇ ಎಂಬ ನಿರಾಳ ಅವನ ಎದೆಯಲ್ಲಿ ಮೊದಲು ಹುಟ್ಟಿತು. ಅದನ್ನು ಅವನು ಮುಂದೆಂದೂ ಮರೆಯಲಿಲ್ಲ. ಒರೆಸು ಅಂತ ಹೇಳಿದ್ದರೂ ಒರೆಸಿಲ್ಲ. ಬರೆದುಬಿಡಬಹುದು. ಕಣ್ಣು ಗೋಡೆಯ ಮೇಲಿನ ನಿಯಮಗಳ ಪಟ್ಟಿಗೆ ಹೋಯಿತು. ಹನ್ನೊಂದು ನಿಯಮಗಳು, ಎಲ್ಲವೂ ಅವನ ಕೈಯವು. ಒರೆಸಬೇಕೆಂದು ಒಂದರಲ್ಲೂ ಇರಲಿಲ್ಲ. ಊದುವುದೇ ನಿಷೇಧವಾಗಿರುವಾಗ ಊದಿದ ಮೇಲೆ ಒರೆಸಿ ಎಂದು ಹೇಗೆ ಬರೆಯುತ್ತಾನೆ? ಇಷ್ಟು ವರ್ಷ ಶೆಟ್ಟೆಪ್ಪ ಒಂದು ಮಾತೂ ಆಡದೆ ತನ್ನ ಉಸಿರನ್ನು ಒರೆಸುತ್ತಿದ್ದ. ಆಗ ಬಾಯಲ್ಲಿ ಲವಂಗದೆಣ್ಣೆಯೂ ಇರಲಿಲ್ಲ. ತನ್ನ ಪರೀಕ್ಷೆಯ ಗಾಜಿಗೆ ಮಾತ್ರ ತಾನು ಒಮ್ಮೆಯೂ ಊದಿದವನಲ್ಲ, ಅದನ್ನು ತೊಳೆದವನು ತಾನೇ ಆದ್ದರಿಂದ. ಮೆಟ್ರೋದವನ ಕರ್ಚೀಫು, ಶಾಮಲಾಳ ಗೋಡೆ, ವಿಕ್ರಂನ ಒಂದು ಹೆಜ್ಜೆ, ಎಲ್ಲ ಒಟ್ಟಿಗೆ ಬಂದು ನಿಂತವು. ಆದರೂ ಅವನು ಸತ್ಯಮೂರ್ತಿಯೇ. ಯಾರಾದರೂ ಇವಳಿಗೆ ಹೇಳಿಕೊಟ್ಟಿದ್ದರೆ? ಬೆಳಿಗ್ಗೆ ಊದಿದ ತಟ್ಟೆಯಿಂದ ಒಂದು ಗಾಜು, ಇನ್ನೂ ಊದದ ತಟ್ಟೆಯಿಂದ ಒಂದು ಗಾಜು ಚಿಮುಟಿಗೆಯಿಂದ ತೆಗೆದು ದೀಪದ ಕೆಳಗೆ ಹಿಡಿದ. ಒಮ್ಮೆ ಊದಿದ ಗಾಜಿಗೆ ಎರಡನೆಯ ಸಲ ಊದಿದವನಲ್ಲ ಅವನು. ಅದರ ಅಗತ್ಯವೇ ಬಿದ್ದಿರಲಿಲ್ಲ. ಈಗಲೂ ತನ್ನ ಬಾಯಿಯನ್ನು ನಂಬಲಿಲ್ಲ.

"ಸುಂದ್ರವ್ವ, ಇದಕ್ಕೆ ನೀನು ಊದು."

"ನಾನ್ರೀ? ನನ್ನ ಎಂಜಲ ಬಾಯಿಲೆ?"

"ಊದು."

ಅವಳು ಅಳುಕುತ್ತ ಮಾಸ್ಕ್ ಇಳಿಸಿದಳು. ಬಾಯಿ ನೋಡಿದ್ದು ಅದೇ ಮೊದಲು. ಮೇಲಿನ ಎರಡು ಹಲ್ಲಿರಲಿಲ್ಲ. ಊದದ ಗಾಜಿನ ಮೇಲೆ ಅವಳ ಉಸಿರು ತೆಳ್ಳಗೆ, ಸಮನಾಗಿ ಕೂತು ಹಾಗೇ ಆರಿಹೋಯಿತು. ಬೆಳಿಗ್ಗೆಯ ಗಾಜಿನ ಮೇಲೆ ಊದಿದಾಗ ಮಂಜಿನ ನಡುವೆ ಒಂದು ದುಂಡನೆಯ ತೇಪೆ ಕಪ್ಪಗೆ ತೆರೆದುಕೊಂಡಿತು. ತೆರೆದ ಬಾಯಿಯ ಅಳತೆಯದು. ನಾಲ್ಕೈದು ಕ್ಷಣ ಇದ್ದು ಮಾಯವಾಯಿತು. ಅವಳು ಗಾಜನ್ನೇ ನೋಡುತ್ತ, "ಮಂತ್ರ ಕೂತೈತ್ರಿ" ಅಂದಳು. ಅವನು ಎರಡೂ ಗಾಜನ್ನು ಡಬ್ಬಿಯಲ್ಲಿಟ್ಟುಕೊಂಡು ಹೊರಗೆ ನಡೆದ.

ಮೀಟಿಂಗಿನ ಕೋಣೆಯಲ್ಲಿ ಪ್ರೊಜೆಕ್ಟರ್ ಕಂಪನಿಯ ಸಾಧನಾ ಆಗಲೇ ಬಂದು ಕೂತಿದ್ದಳು. ಪುಣೆಯ ಕಡೆಯವಳು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ದೋಷದ ಮೂಲ ತಾನೇ ಎಂದು ಸತ್ಯಮೂರ್ತಿ ಹಿಂದಿ, ಇಂಗ್ಲಿಷು ಬೆರೆಸಿ ಹೇಳಿದ. ಹಲ್ಲು, ಎಣ್ಣೆ, ಮಾಸ್ಕ್, ಊದಿದ್ದು. ಚೇಂಬರಿನ ಕಾವಿಗೂ ಹೋಗದೆ ಆ ಜಿಡ್ಡು ಗಾಜಿಗೂ ಲೇಪಕ್ಕೂ ನಡುವೆ ಕೂತದ್ದು. ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಇಂಗ್ಲಿಷಿನಲ್ಲಿ ಅದೊಂದು ಪ್ರಕ್ರಿಯೆಯ ಲೋಪ ಅಷ್ಟೆ. ವಿಕ್ರಂ ಕುರ್ಚಿ ಹತ್ತಿರ ಎಳೆದುಕೊಂಡು ಕನ್ನಡಕ್ಕೆ ತಿರುಗಿದ, ಅವಳಿಗೆ ತಿಳಿಯದಿರಲೆಂದು.

"ಸರ್, ನಮ್ಮ ಭಾಷೆಯವಳು ಅಂತ ಸೇವ್ ಮಾಡ್ತಿದೀರಾ? ನಿಮಗೆ ಅವಳು ಏನಾಗ್ಬೇಕು? ಸಚ್ ಹೇಳಿ. ಏನಾದ್ರೂ... ಚಕ್ಕರ್ ಇದೆಯಾ?"

ಇಪ್ಪತ್ತಾರು ವರ್ಷ ಜನರನ್ನು ತಾನು ನೋಡಿದ್ದ ಕಣ್ಣಿನಿಂದಲೇ ವಿಕ್ರಂ ಈಗ ತನ್ನನ್ನು ನೋಡುತ್ತಿದ್ದಾನೆ ಎಂದು ಸತ್ಯಮೂರ್ತಿಗೆ ಗುರುತು ಹತ್ತಿತು. ಆ ಕಣ್ಣಿಗೆ ಏನು ಹೇಳಿದರೂ ಪ್ರಯೋಜನವಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಬ್ಬಿ ತೆರೆದು ಎರಡು ಗಾಜನ್ನೂ ಸಾಧನಾಳ ಮುಂದೆ ಹಿಡಿದ. ಅವಳು ಒಂದಕ್ಕೆ ಊದಿದಳು, ಇನ್ನೊಂದಕ್ಕೆ ಊದಿದಳು, ಮತ್ತೆ ಅದಕ್ಕೇ ಊದಿದಳು. ಹುಬ್ಬು ಗಂಟಾಯಿತು. ಇನ್ನೆರಡು ಸಲ ಪರೀಕ್ಷೆ ಮಾಡಿ ವರದಿ ಕಳಿಸಬೇಕು, ಈ ಮನುಷ್ಯ ಇನ್ನು ಆ ಕೋಣೆಗೆ ಹೋಗಕೂಡದು, ಎಂದು ಅವನ ಮುಖ ನೋಡದೆಯೇ ವಿಕ್ರಂಗೆ ಹೇಳಿದಳು. ಹಾಳೆಯಲ್ಲಿ ಆಪರೇಟರ್ ಎಂಬ ಪದ ಹೊಡೆದುಹಾಕಿ ಸತ್ಯಮೂರ್ತಿ ತನ್ನ ಹೆಸರು ಬರೆದ. ಕೆಳಗೆ ಸಹಿ ಹಾಕಿದ. ಚುಕ್ಕೆ ಸಹಿಯೊಳಗೆ ಮುಚ್ಚಿಹೋಯಿತು.

ಬ್ಯಾಗು ತೆಗೆದುಕೊಂಡು ಹೊರಟಾಗ ಶಿಫ್ಟ್ ಬಿಡುವ ಹೊತ್ತು. ಕಾರಿಡಾರಿನ ಕೈತೊಳೆಯುವ ತೊಟ್ಟಿಯ ಬಳಿ ಸುಂದ್ರವ್ವ ನಿಂತಿದ್ದಳು, ಗೌನು ಬಿಚ್ಚಿ, ಹಸಿರು ಸೀರೆಯಲ್ಲಿ, ಚಿಕ್ಕವಳಾಗಿ ಕಾಣುತ್ತಿದ್ದಳು. ನಿನ್ನ ಕೆಲಸಕ್ಕೆ ತೊಂದರೆಯಿಲ್ಲ ಎಂದು ಹೇಳಬೇಕೆಂದುಕೊಂಡ. ಕೆಲಸಕ್ಕೆ ತೊಂದರೆ ಬಂದಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳೇ ಮುಂದೆ ಬಂದು ಬಾಟಲಿ ಚಾಚಿದಳು. ಮುಚ್ಚಳ ತೆಗೆದಿತ್ತು.

"ನಾಳಿಂದ ನೀವು ಒಳಗ ಬರಂಗಿಲ್ಲಂತಲ್ರಿ. ವಿಕ್ರಂ ಸಾಹೇಬ್ರು ಹೇಳಿದ್ರು. ಇವತ್ತೊಂದ್ ದಿನ ಇದರಾಗ ಊದಿ ಕೊಡ್ರಿ ಸಾಹೇಬ್ರ. ಕೂಸಿಗೆ ಮತ್ತ ಮೈ ಬೆಚ್ಚಗಾಗೇತಿ."

ಊದಬಹುದಿತ್ತು. ಒಂದು ಉಸಿರಿನ ಕೆಲಸ. ಬದುಕಿನಲ್ಲಿ ಅವನನ್ನು ದೊಡ್ಡವನೆಂದು ನಂಬಿದ ಒಂದೇ ಜೀವ ಅದು. ಹಾಗೆ ಊದಿ ಹೋಗಿದ್ದರೆ ಆ ನಂಬಿಕೆ ಅವನಿಗೆ ಸಾಯುವವರೆಗೂ ಸಾಲುತ್ತಿತ್ತು. ಬಾಟಲಿ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದ. ಮೂರು ತಿಂಗಳಲ್ಲಿ ಮೊದಲ ಸಲ ಲವಂಗದ ಘಾಟು ಅವನ ಮೂಗಿಗೇ ಬಡಿಯಿತು.

"ಸುಂದ್ರವ್ವ," ಅಂದ. ಮೀಟಿಂಗಿನ ಕೋಣೆಯ ಇಂಗ್ಲಿಷು ಇಲ್ಲಿ ಕೆಲಸಕ್ಕೆ ಬರಲಿಲ್ಲ. "ಇದು ಮಂತ್ರ ಅಲ್ಲ. ನನಗೆ ಹಲ್ಲುನೋವು, ಅದಕ್ಕೆ ಎಣ್ಣೆ ಇಟ್ಕೊಂಡಿದ್ದೆ. ನೀನು ಸರಿಯಾಗಿ ತೊಳೆದಿರಲ್ಲ ಅಂತ ಅನುಮಾನ ನನಗೆ. ನಿನ್ನನ್ನ ಹಿಡೀಬೇಕು ಅಂತಲೇ ದಿನಾ ಊದ್ತಿದ್ದೆ. ಕೂಸನ್ನ ಡಾಕ್ಟರಿಗೆ ತೋರಿಸು. ನಾನೂ ಬರ್ತೀನಿ."

ಅವಳು ಅವನ ಬಾಯಿಯನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡ, ಅಳುತ್ತಾಳೆ ಎಂದುಕೊಂಡ. ಅವಳು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ತೊಟ್ಟಿಯ ಮೇಲೆ ಬಗ್ಗಿಸಿ ಹಿಡಿದಳು. ನೀರು ಗುಳುಗುಳು ಎಂದು ಕೊನೆಯ ಹನಿಯವರೆಗೂ ಹೋಯಿತು. ಆಮೇಲೆ ನಲ್ಲಿ ತಿರುಗಿಸಿ, ಗಾಜು ತೊಳೆಯುವಾಗಿನ ಅದೇ ಹಗುರ ಕೈಯಿಂದ ಬಾಟಲಿಯನ್ನು ಒಮ್ಮೆ, ಇನ್ನೊಮ್ಮೆ, ಮೂರನೆಯ ಸಲ ಗಲಬರಿಸಿದಳು.

"ಹದಿನೈದ್ ದಿನ ಕುಡಿಸೇನಲ್ರೀ ಸಾಹೇಬ್ರ," ಅಂದಳು, ಅವನಿಗೆ ಬೆನ್ನು ಮಾಡಿಕೊಂಡೇ. "ನಿಮ್ಮ ಸಂಶೇದ ನೀರು. ಆ ಕೂಸಿಗೆ."